ಕೆಲಸದ ಜಾಗದ ವಿಷಲೋಹಗಳು ಮತ್ತು ಯಕೃತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಟರಿ, ಬೆಸುಗೆ, ಲೋಹಲೇಪನ, ಅದಿರು ಕರಗಿಸುವಿಕೆ, ಬಣ್ಣ ಮತ್ತು ಗುಜರಿ ಕೆಲಸಗಳಲ್ಲಿ ತೊಡಗಿದವರೂ ಅವರ ಮನೆಯವರೂ ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಆದರೆ ಎದುರಿಗೆ ಕೂರಿಸಿಕೊಂಡು ಪರೀಕ್ಷಿಸುವ ವೈದ್ಯರ ಸ್ಥಾನವನ್ನು ಇವು ತುಂಬಲಾರವು.

## ಮೊದಲು ತಿಳಿಯಬೇಕಾದವು

ಭಾರಲೋಹ ಅಂದರೆ ಯಾವುವು? ನಾನು ಮಾಡುವ ಕೆಲಸದಲ್ಲಿ ಅವು ಇವೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಭಾರಲೋಹ ಎಂಬುದು ರೂಢಿಯ ಮಾತು. ರಸಾಯನಶಾಸ್ತ್ರದಲ್ಲಿ ಅದಕ್ಕೆ ಕಟ್ಟುನಿಟ್ಟಾದ ವ್ಯಾಖ್ಯೆ ಇಲ್ಲ. ಆರೋಗ್ಯದ ಸಂದರ್ಭದಲ್ಲಿ ಅದು ಮುಖ್ಯವಾಗಿ ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್ ಮತ್ತು ಕ್ರೋಮಿಯಂಗಳನ್ನು ಸೂಚಿಸುತ್ತದೆ. ಆರ್ಸೆನಿಕ್ ವಾಸ್ತವವಾಗಿ ಅರೆಲೋಹವಾದರೂ ವಿಷದ ಲೆಕ್ಕದಲ್ಲಿ ಇವುಗಳ ಸಾಲಿನಲ್ಲೇ ನಿಲ್ಲುತ್ತದೆ. ಲೆಡ್-ಆಸಿಡ್ ಬ್ಯಾಟರಿಗಳನ್ನು ತಯಾರಿಸುವ, ಒಡೆಯುವ, ಕರಗಿಸುವ ಕಡೆಗಳಲ್ಲಿಯೂ ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವಲ್ಲಿಯೂ ಸೀಸವಿರುತ್ತದೆ. ಕ್ಯಾಡ್ಮಿಯಂ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳಲ್ಲಿ, ಕೆಲವು ಬೆಳ್ಳಿ ಬೆಸುಗೆ ಕಡ್ಡಿಗಳಲ್ಲಿ, ಹಳದಿ ಮತ್ತು ಕೆಂಪು ವರ್ಣದ್ರವ್ಯಗಳಲ್ಲಿ ಸಿಗುತ್ತದೆ. ತಾಮ್ರದ ಅದಿರು ಕರಗಿಸುವಾಗ ಆರ್ಸೆನಿಕ್ ಹೊಗೆಯಾಗಿ ಏಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೆಸುಗೆಯಲ್ಲಿ ಮತ್ತು ಕ್ರೋಮ್ ಲೇಪನದ ತೊಟ್ಟಿಗಳ ಮೇಲೆ ಆರು ವೇಲೆನ್ಸಿಯ ಕ್ರೋಮಿಯಂ ಇರುತ್ತದೆ.

ನೀವು ಬಳಸುವ ಪ್ರತಿ ಕಚ್ಚಾವಸ್ತುವಿಗೂ ತಯಾರಕರು ಕೊಡುವ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಿರಿ. ಅದರ 3ನೆಯ ಭಾಗದಲ್ಲಿ ಘಟಕಗಳೂ 8ನೆಯ ಭಾಗದಲ್ಲಿ ಗಾಳಿಯಲ್ಲಿನ ಮಿತಿಯೂ 11ನೆಯ ಭಾಗದಲ್ಲಿ ವಿಷಗುಣವೂ ಇರುತ್ತವೆ. ಆದರೆ ಒಂದು ವಿಷಯ ನೆನಪಿರಲಿ: ನೀವು ಗ್ಯಾಸ್ ಕಟರ್‌ನಿಂದ ಕತ್ತರಿಸುತ್ತಿರುವ ಹಳೆಯ ಪೈಪಿನ ಮೇಲಿನ ಬಣ್ಣಕ್ಕೆ ಅಂಥ ಪತ್ರ ಇರುವುದಿಲ್ಲ. ನಾನು ಕಂಡ ಹಲವು ಪ್ರಕರಣಗಳಲ್ಲಿ ವಿಷ ಬಂದದ್ದು ಹೀಗೆ ಹೆಸರಿಲ್ಲದ ಲೇಪನದಿಂದಲೇ.

ಲೋಹ ಗಟ್ಟಿ ವಸ್ತು ಅಲ್ಲವೇ? ಅದು ಮೈಯೊಳಗೆ ಹೋಗುವುದಾದರೂ ಹೇಗೆ?

ಗಟ್ಟಿಯಾಗಿರುವಷ್ಟು ಹೊತ್ತು ಬಹುಮಟ್ಟಿಗೆ ಹೋಗುವುದಿಲ್ಲ. ಕಾಯಿಸಿದಾಗ, ಉಜ್ಜಿದಾಗ, ಕೊರೆದಾಗ, ಗುಡಿಸಿದಾಗ ಅದು ಹೊಗೆ ಮತ್ತು ದೂಳಾಗುತ್ತದೆ. ಕ್ಯಾಡ್ಮಿಯಂ 765 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಬೆಸುಗೆಯ ಜ್ವಾಲೆಯಲ್ಲಿ ಸುಲಭವಾಗಿ ಆವಿಯಾಗಿಬಿಡುತ್ತದೆ. ಕೆಲಸದ ಕೊಠಡಿಯ ದೀಪ ಆರಿಸಿ, ಒಂದು ಪ್ರಖರವಾದ ಟಾರ್ಚನ್ನು ಕಣ್ಣಿಗೆ ಎದುರಾಗುವಂತೆ ಓರೆಯಾಗಿ ಹಿಡಿದು ನೋಡಿ. ಹಗಲಿನಲ್ಲಿ ತಿಳಿಯಾಗಿ ಕಂಡ ಗಾಳಿಯಲ್ಲಿ ಬೆಳಕಿನ ಕೋಲಿನ ಉದ್ದಕ್ಕೂ ಹೊಳೆಯುವ ಕಣಗಳು ನಿಧಾನವಾಗಿ ತೇಲುತ್ತಿರುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಇವುಗಳಿಗಿಂತಲೂ ಸಣ್ಣವು.

ಎರಡನೆಯ ದಾರಿ ಕೈಯಿಂದ ಬಾಯಿಗೆ. ವಯಸ್ಕರ ಕರುಳು ನುಂಗಿದ ಸೀಸದ ಸುಮಾರು ಹತ್ತನೇ ಒಂದು ಭಾಗವನ್ನು ಹೀರಿಕೊಳ್ಳುತ್ತದೆ. ಹೊಟ್ಟೆ ಖಾಲಿ ಇದ್ದಾಗ ಅದಕ್ಕಿಂತ ಹೆಚ್ಚು, ಮಕ್ಕಳಲ್ಲಿ ಅರ್ಧದವರೆಗೂ. ಪಾದರಸದ ಕಥೆ ಬೇರೆ: ನುಂಗಿದ ದ್ರವ ಪಾದರಸ ಬಹುಪಾಲು ಹಾಗೆಯೇ ಹೊರಬೀಳುತ್ತದೆ, ಆದರೆ ಉಸಿರಾಡಿದ ಪಾದರಸದ ಆವಿಯ ಸುಮಾರು 80 ಶೇಕಡ ರಕ್ತಕ್ಕೆ ಸೇರುತ್ತದೆ.

ಉಸಿರಿನ ಮೂಲಕ ಹೋದದ್ದು ಶ್ವಾಸಕೋಶವನ್ನು ಕೆಡಿಸಬೇಕು. ಲಿವರ್‌ಗೂ ಇದಕ್ಕೂ ಏನು ಸಂಬಂಧ?

ರಕ್ತಕ್ಕೆ ಸೇರಿದ ಲೋಹ ಯಾವ ಬಾಗಿಲಿನಿಂದ ಬಂದಿದ್ದರೂ ಯಕೃತ್ತಿನ ಮೂಲಕ ಹಾದುಹೋಗಲೇಬೇಕು. ಅಲ್ಲಿ ಒಂದೊಂದು ಲೋಹಕ್ಕೆ ಒಂದೊಂದು ರೀತಿಯ ವ್ಯವಸ್ಥೆ ಇದೆ.

ಕ್ಯಾಡ್ಮಿಯಂ ಬಂದಾಗ ಯಕೃತ್ತು ಮೆಟಲೊಥಯೊನೀನ್ ಎಂಬ ಗಂಧಕಭರಿತ ಪುಟ್ಟ ಪ್ರೋಟೀನನ್ನು ಹೆಚ್ಚು ಹೆಚ್ಚಾಗಿ ತಯಾರಿಸಿ, ಲೋಹದ ಅಯಾನುಗಳನ್ನು ಅದರೊಳಗೆ ಬಿಗಿಯಾಗಿ ಕಟ್ಟಿಡುತ್ತದೆ. ಒಂದು ಅಣು ಏಳು ಅಯಾನುಗಳವರೆಗೆ ಹಿಡಿದಿಡಬಲ್ಲದು. ಕಟ್ಟಿಟ್ಟಷ್ಟು ಕಾಲ ಯಕೃತ್ತಿನ ಜೀವಕೋಶಕ್ಕೆ ರಕ್ಷಣೆ. ಆದರೆ ಈ ಗಂಟು ನಿಧಾನವಾಗಿ ರಕ್ತಕ್ಕೆ ಸೋರಿ ಮೂತ್ರಪಿಂಡಕ್ಕೆ ತಲುಪಿ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಕ್ಯಾಡ್ಮಿಯಂ ಕೆಲಸಗಾರರಲ್ಲಿ ಮೊದಲು ಸೋಲುವುದು ಹೆಚ್ಚಾಗಿ ಮೂತ್ರಪಿಂಡ. ಅಕಾರ್ಬನಿಕ ಆರ್ಸೆನಿಕ್‌ಗೆ ಯಕೃತ್ತು ಮೀಥೈಲ್ ಗುಂಪುಗಳನ್ನು ಅಂಟಿಸಿ ಮೂತ್ರದಲ್ಲಿ ಹೋಗುವಂತೆ ಮಾಡುತ್ತದೆ, ಆದರೆ ಈ ಕ್ರಿಯೆಯ ನಡುವೆ ಹುಟ್ಟುವ ಕೆಲವು ರೂಪಗಳು ಮೂಲವಸ್ತುವಿಗಿಂತಲೂ ತೀಕ್ಷ್ಣವಾದವು. ಮ್ಯಾಂಗನೀಸ್ ಮತ್ತು ತಾಮ್ರವನ್ನು ಯಕೃತ್ತು ಪಿತ್ತರಸದ ಮೂಲಕ ಹೊರಗೆ ಕಳಿಸುತ್ತದೆ. ಹೀಗೆ ಯಕೃತ್ತು ಸುಂಕದ ಕಟ್ಟೆಯೂ ಹೌದು, ಉಗ್ರಾಣವೂ ಹೌದು; ಅದು ನೋವಿಲ್ಲದೆ ಈ ಕೆಲಸ ಮಾಡುತ್ತಿರುವುದರಿಂದಲೇ ಹೊರಗಿನಿಂದ ಏನೂ ತಿಳಿಯುವುದಿಲ್ಲ.

ಹಾಗಾದರೆ ಎಲ್ಲ ಭಾರಲೋಹಗಳೂ ಲಿವರ್ ಕೆಡಿಸುತ್ತವೆಯೇ?

ಇಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳುವುದು ನನ್ನ ಹೊಣೆ, ಏಕೆಂದರೆ ಲಿವರ್ ಬಗೆಗಿನ ಭಯದಲ್ಲಿ ನಿಜವಾದ ಅಪಾಯದ ಅಂಗ ಮರೆತುಹೋಗುತ್ತದೆ. ಸೀಸ ಮುಖ್ಯವಾಗಿ ರಕ್ತ, ನರ, ಮೂತ್ರಪಿಂಡ ಮತ್ತು ರಕ್ತದೊತ್ತಡದ ಮೇಲೆ ಪರಿಣಾಮ ಬೀರುತ್ತದೆ. ಪಾದರಸದ ಆವಿ ಮೆದುಳು ಮತ್ತು ಮೂತ್ರಪಿಂಡಗಳ ಮೇಲೆ. ಆರು ವೇಲೆನ್ಸಿಯ ಕ್ರೋಮಿಯಂ ಶ್ವಾಸಕೋಶದ ಮೇಲೆ.

ಯಕೃತ್ತಿಗೆ ನೇರ ಹಾನಿ ಮಾಡುತ್ತದೆಂದು ಗಟ್ಟಿ ಆಧಾರವಿರುವ ಲೋಹ ಆರ್ಸೆನಿಕ್. ದೀರ್ಘಕಾಲದ ಆರ್ಸೆನಿಕ್ ಯಕೃತ್ತಿನ ಒಳಗಿನ ರಕ್ತನಾಳಗಳ ಸುತ್ತ ನಾರುಗಟ್ಟಿಸಿ, ಸಿರೋಸಿಸ್ (ಇಡೀ ಯಕೃತ್ತು ನಾರುಗಟ್ಟಿ ಗಂಟುಗಂಟಾಗುವುದು) ಇಲ್ಲದೆಯೇ, ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒತ್ತಡವನ್ನು ಏರಿಸಬಲ್ಲದು; ಆಂಜಿಯೊಸಾರ್ಕೋಮಾ ಎಂಬ ಅಪರೂಪದ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಜರ್ಮನಿಯ ಮೊಸೆಲ್ ಕಣಿವೆಯ ದ್ರಾಕ್ಷಿ ಬೆಳೆಗಾರರು ಆರ್ಸೆನಿಕ್ ಕೀಟನಾಶಕ ಸಿಂಪಡಿಸುತ್ತಿದ್ದರು, ಅದೇ ದ್ರಾಕ್ಷಿಯ ಉಳಿಕೆಯಿಂದ ಮಾಡಿದ ಪಾನೀಯವನ್ನೂ ಕುಡಿಯುತ್ತಿದ್ದರು. ಅಲ್ಲಿ ಈ ಕೀಟನಾಶಕ 1942ರಲ್ಲಿ ನಿಷೇಧವಾಯಿತು, ಆದರೆ ಯಕೃತ್ತಿನ ಕಾಯಿಲೆಗಳು ಮತ್ತು ಕ್ಯಾನ್ಸರುಗಳು ಅವರಲ್ಲಿ ದಶಕಗಳ ನಂತರವೂ ಕಾಣಿಸಿಕೊಳ್ಳುತ್ತಲೇ ಇದ್ದವು.

ಸೀಸ, ಪಾದರಸಗಳ ವಿಷಯದಲ್ಲಿ ಇರುವುದು ಇದಕ್ಕಿಂತ ಮೆದುವಾದ ಆಧಾರ. ಅಮೆರಿಕದ 2003-04ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ವಿಶ್ಲೇಷಣೆಯಲ್ಲಿ, ರಕ್ತದಲ್ಲಿ ಇವು ಹೆಚ್ಚಿರುವ ವಯಸ್ಕರಲ್ಲಿ ಎಸ್‌ಜಿಪಿಟಿ ಎಂಬ ಯಕೃತ್ತಿನ ಕಿಣ್ವ ಏರಿರುವುದೂ ಹೆಚ್ಚು ಎಂದು ಕಂಡುಬಂತು. ಅಂಥ ಸಮೀಕ್ಷೆ ಎರಡು ಸಂಗತಿಗಳು ಜೊತೆಯಲ್ಲಿರುವುದನ್ನು ತೋರಿಸುತ್ತದೆ. ಒಂದು ಇನ್ನೊಂದಕ್ಕೆ ಕಾರಣ ಎಂದು ಅದರಿಂದಷ್ಟೇ ತೀರ್ಮಾನಿಸಲಾಗದು.

## ಪರೀಕ್ಷೆ, ವರದಿ, ಲಕ್ಷಣ

ವರ್ಷಕ್ಕೊಮ್ಮೆ ಕಂಪನಿಯವರು ಎಲ್‌ಎಫ್‌ಟಿ ಮಾಡಿಸುತ್ತಾರೆ. ಎಲ್ಲ ನಾರ್ಮಲ್ ಬಂದಿದೆ. ನಾನು ಸುರಕ್ಷಿತ ತಾನೇ?

ಈ ಪ್ರಶ್ನೆಯನ್ನು ಹೊತ್ತು ಬಂದ ಒಬ್ಬ ಬ್ಯಾಟರಿ ಕೆಲಸಗಾರರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ವರದಿಯನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಎಲ್ಲ ಸಂಖ್ಯೆಗಳೂ ಮಿತಿಯೊಳಗೇ ಇದ್ದವು. ಕಾಗದದ ಮಡಿಕೆಗಳ ಗೀರಿನಲ್ಲಿ ಬೂದುಬಣ್ಣದ ಹುಡಿ ಕೂತಿತ್ತು, ಅವರ ಉಗುರುಗಳ ಅಂಚಿನಲ್ಲಿಯೂ ಅದೇ ಬಣ್ಣವಿತ್ತು. ರಕ್ತದಲ್ಲಿನ ಸೀಸವನ್ನು ಅವರಿಗೆ ಯಾರೂ ಒಮ್ಮೆಯೂ ಅಳೆದಿರಲಿಲ್ಲ.

ಎಲ್‌ಎಫ್‌ಟಿ ಎಂದರೆ ಯಕೃತ್ತಿನ ಸ್ಥಿತಿ ನೋಡುವ ರಕ್ತಪರೀಕ್ಷೆ; ಅದು ಲೋಹವನ್ನು ಅಳೆಯುವುದಿಲ್ಲ. ಎಸ್‌ಜಿಪಿಟಿ ಮತ್ತು ಎಸ್‌ಜಿಒಟಿ ಜೀವಕೋಶ ಒಡೆದಾಗ ಸೋರುವ ಕಿಣ್ವಗಳು. ಬಿಲಿರುಬಿನ್ ಮತ್ತು ಅಲ್ಬುಮಿನ್ ಯಕೃತ್ತು ತನ್ನ ಕೆಲಸವನ್ನು ಎಷ್ಟು ಮಾಡುತ್ತಿದೆ ಎಂಬುದರ ಅಂದಾಜು. ಲೋಹವನ್ನು ಯಕೃತ್ತು ಯಶಸ್ವಿಯಾಗಿ ಕಟ್ಟಿಟ್ಟಿರುವಾಗ, ಅಥವಾ ಹಾನಿ ನರದಲ್ಲೋ ಮೂತ್ರಪಿಂಡದಲ್ಲೋ ನಡೆಯುತ್ತಿರುವಾಗ, ಈ ಸಂಖ್ಯೆಗಳು ಕದಲುವುದಿಲ್ಲ. ಆರ್ಸೆನಿಕ್‌ನಿಂದ ನಾರುಗಟ್ಟುವಿಕೆ ಆದವರಲ್ಲಿಯೂ ಕಿಣ್ವಗಳು ಮಾಮೂಲಾಗಿರಬಹುದು. ಆದ್ದರಿಂದ ನಾರ್ಮಲ್ ಎಲ್‌ಎಫ್‌ಟಿ ಇಂದು ಯಕೃತ್ತಿನ ಜೀವಕೋಶಗಳು ದೊಡ್ಡ ಪ್ರಮಾಣದಲ್ಲಿ ಒಡೆಯುತ್ತಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಲೋಹದ ಕೆಲಸಗಾರರಿಗೆ ಎಲ್‌ಎಫ್‌ಟಿ ಮಾತ್ರ ಮಾಡಿಸಿ ತಪಾಸಣೆ ಮುಗಿಯಿತು ಎನ್ನುವುದು ಅವರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಹಾಗಾದರೆ ಯಾವ ಲೋಹಕ್ಕೆ ಯಾವ ಪರೀಕ್ಷೆ ಕೇಳಬೇಕು?

ಸೀಸಕ್ಕೆ ರಕ್ತನಾಳದಿಂದ ತೆಗೆದ ಇಡೀ ರಕ್ತದ ಪರೀಕ್ಷೆ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ದೂಳೇ ಸೇರಿ ಫಲಿತಾಂಶ ತಪ್ಪಬಹುದು. ಕ್ಯಾಡ್ಮಿಯಂಗೆ ರಕ್ತ ಮತ್ತು ಮೂತ್ರ ಎರಡೂ ಬೇಕು: ರಕ್ತ ಈಚಿನ ತಿಂಗಳುಗಳನ್ನು ಹೇಳಿದರೆ ಮೂತ್ರ ವರ್ಷಗಳ ಸಂಗ್ರಹವನ್ನು ಹೇಳುತ್ತದೆ. ಪಾದರಸದ ಆವಿಗೆ ಮೂತ್ರ. ಕ್ರೋಮಿಯಂಗೆ ಪಾಳಿ ಮುಗಿದ ಮೇಲಿನ ಮೂತ್ರ. ಆರ್ಸೆನಿಕ್‌ಗೆ ಕೆಲಸದ ವಾರದ ಕೊನೆಯ ಮೂತ್ರ, ಆದರೆ ಅದಕ್ಕೆ ಮುಂಚೆ ಮೂರು ನಾಲ್ಕು ದಿನ ಮೀನು ಮತ್ತಿತರ ಕಡಲ ಆಹಾರ ತಿನ್ನಬಾರದು. ಅವುಗಳಲ್ಲಿರುವ ನಿರಪಾಯಕಾರಿ ಆರ್ಸೆನೊಬೀಟೇನ್ ಒಟ್ಟು ಸಂಖ್ಯೆಯನ್ನು ಹಲವು ಪಟ್ಟು ಹಿಗ್ಗಿಸಿ, ಇಲ್ಲದ ಗಾಬರಿ ಹುಟ್ಟಿಸುತ್ತದೆ. ಮ್ಯಾಂಗನೀಸ್‌ಗೆ ಮಾತ್ರ ರಕ್ತವಾಗಲಿ ಮೂತ್ರವಾಗಲಿ ಒಬ್ಬ ವ್ಯಕ್ತಿಯ ಸ್ಥಿತಿಯನ್ನು ನಂಬಿಕೆಯಿಂದ ಹೇಳುವುದಿಲ್ಲ. ಅಲ್ಲಿ ಗಾಳಿಯ ಅಳತೆಗೇ ಹೆಚ್ಚು ಬೆಲೆ.

ರಕ್ತದಲ್ಲಿ ಸೀಸ 28 ಎಂದು ಬಂದಿದೆ. ಅರವತ್ತರವರೆಗೆ ಪರವಾಗಿಲ್ಲ ಎಂದು ಮೇಲ್ವಿಚಾರಕರು ಹೇಳುತ್ತಾರೆ. ನಿಜವೇ?

ಆ ಅರವತ್ತು ಎಲ್ಲಿಂದ ಬಂತೆಂದರೆ, 1978ರ ಅಮೆರಿಕದ ಸೀಸದ ನಿಯಮದಲ್ಲಿ ಪ್ರತಿ ಡೆಸಿಲೀಟರಿಗೆ 60 ಮೈಕ್ರೋಗ್ರಾಂ ತಲುಪಿದವರನ್ನು ಕೆಲಸದಿಂದ ಬೇರ್ಪಡಿಸಬೇಕು ಎಂದಿದೆ. ಅದು ಕಡ್ಡಾಯವಾಗಿ ಹೊರಗೆ ಕರೆತರಬೇಕಾದ ಗೆರೆ. ಅದರ ಕೆಳಗೆಲ್ಲ ನೆಮ್ಮದಿ ಎಂಬ ಅರ್ಥ ಅದಕ್ಕೆ ಎಂದೂ ಇರಲಿಲ್ಲ. ಆ ನಂತರದ ದಶಕಗಳ ಅಧ್ಯಯನಗಳು ಇದಕ್ಕಿಂತ ತೀರಾ ಕಡಿಮೆ ಮಟ್ಟದಲ್ಲೇ ರಕ್ತದೊತ್ತಡ ಮತ್ತು ಮೂತ್ರಪಿಂಡದ ಮೇಲೆ ಪರಿಣಾಮ ಕಂಡಿವೆ. ಅದೇ ದೇಶದ ಔದ್ಯೋಗಿಕ ಆರೋಗ್ಯ ಸಂಸ್ಥೆ ಈಗ 3.5 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೇಲಿದ್ದರೆ ವಯಸ್ಕರಲ್ಲಿ ಹೆಚ್ಚಾಗಿದೆ ಎಂದು ಪರಿಗಣಿಸುತ್ತದೆ. 28 ಎಂದರೆ ಅದರ ಎಂಟು ಪಟ್ಟು. ತುರ್ತು ಚಿಕಿತ್ಸೆ ಬೇಕಾದ ಮಟ್ಟವಲ್ಲವಾದರೂ, ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಲೇಬೇಕಾದ ಮಟ್ಟ. ಗರ್ಭಿಣಿಯರಿಗೂ ಗರ್ಭಧಾರಣೆಯ ಯೋಚನೆಯಲ್ಲಿರುವವರಿಗೂ ಇದು ಇನ್ನೂ ಗಂಭೀರ, ಏಕೆಂದರೆ ಸೀಸ ಮಾಸುವನ್ನು ದಾಟಿ ಮಗುವನ್ನು ತಲುಪುತ್ತದೆ. ವರದಿಯಲ್ಲಿ ಸಂಖ್ಯೆಯ ಮುಂದಿನ ಮಾನವನ್ನೂ ಓದಿ: ಲೀಟರಿಗೆ ಒಂದು ಮೈಕ್ರೋಮೋಲ್ ಎಂದರೆ ಡೆಸಿಲೀಟರಿಗೆ ಸುಮಾರು 20.7 ಮೈಕ್ರೋಗ್ರಾಂ.

ನನ್ನ ಎಸ್‌ಜಿಪಿಟಿ ಜಾಸ್ತಿ ಇದೆ. ಲೋಹದ ಕೆಲಸದಿಂದಲೇ ಆಯಿತು ಎನ್ನಬಹುದೇ?

ಅವಸರಪಡಬೇಡಿ. ಏರಿದ ಎಸ್‌ಜಿಪಿಟಿಗೆ ಎಲ್ಲೆಡೆಯೂ ಸಾಮಾನ್ಯವಾದ ಕಾರಣಗಳು ಕೊಬ್ಬುಗಟ್ಟಿದ ಯಕೃತ್ತು, ಮದ್ಯ, ಹೆಪಟೈಟಿಸ್ ಬಿ ಮತ್ತು ಸಿ, ಹಾಗೂ ಔಷಧಿಗಳು. ಇವನ್ನು ನೋಡದೆ ಲೋಹದ ಮೇಲೆ ತಪ್ಪು ಹೊರಿಸಿದರೆ ಗುಣವಾಗಬಹುದಾದ ಕಾಯಿಲೆಯೊಂದು ಕೈತಪ್ಪಿ ಹೋಗಬಹುದು. ಎಸ್‌ಜಿಒಟಿ ಮಾತ್ರ ಹೆಚ್ಚಿದ್ದರೆ ಸ್ನಾಯುವಿನ ಕಡೆಗೂ ನೋಡಬೇಕು. ಪರೀಕ್ಷೆಯ ಹಿಂದಿನ ದಿನ ಭಾರ ಹೊತ್ತವರಲ್ಲಿ ಅದು ಏರುವುದುಂಟು, ಆಗ ಸ್ನಾಯುವಿನ ಕಿಣ್ವವನ್ನು ಅಳೆಯುವ ಸಿಪಿಕೆ ಪರೀಕ್ಷೆ ಸಂಶಯ ನಿವಾರಿಸುತ್ತದೆ.

ಕೆಲಸದ ಜಾಗವೇ ಕಾರಣವೆಂದಾದರೂ ಲೋಹಕ್ಕಿಂತ ಮೊದಲು ದ್ರಾವಕಗಳನ್ನು ವಿಚಾರಿಸಿ. ಲೋಹದ ಭಾಗಗಳ ಜಿಡ್ಡು ತೆಗೆಯುವ ಕ್ಲೋರಿನ್‌ಯುಕ್ತ ದ್ರಾವಕಗಳು ಮತ್ತು ಡೈಮೀಥೈಲ್ ಫಾರ್ಮಮೈಡ್ ಯಕೃತ್ತಿಗೆ ನೇರವಾಗಿ ಹಾನಿ ಮಾಡುವ ವಸ್ತುಗಳು, ಮತ್ತು ಅವು ಅನೇಕ ವೇಳೆ ಲೋಹದ ಕೆಲಸ ನಡೆಯುವ ಅದೇ ಶೆಡ್ಡಿನಲ್ಲಿರುತ್ತವೆ. ಕೆಲಸದಿಂದ ಕೆಲವು ವಾರ ದೂರವಿದ್ದಾಗ ಕಿಣ್ವಗಳು ಇಳಿದು, ಮರಳಿದ ಮೇಲೆ ಮತ್ತೆ ಏರಿದರೆ, ಆ ಏರಿಳಿತವೇ ಒಳ್ಳೆಯ ಸುಳಿವು.

ಪಾಳಿಯಲ್ಲಿ ಆಸಿಡ್ ಕೆಲಸ ಮಾಡಿದ ಗೆಳೆಯನಿಗೆ ಕೆಲವೇ ಗಂಟೆಗಳಲ್ಲಿ ಮೂತ್ರ ಕೆಂಪಾಯಿತು, ಮರುದಿನ ಕಣ್ಣು ಹಳದಿಯಾಯಿತು. ಇದು ಕಾಮಾಲೆಯೇ?

ಕಾಣುವುದು ಕಾಮಾಲೆಯಂತೆಯೇ, ಆದರೆ ಯಕೃತ್ತಿನ ಕಾಯಿಲೆ ಎಂದು ಮನೆಯಲ್ಲಿ ಪಥ್ಯ ಮಾಡಿಸುತ್ತ ಕೂತರೆ ಜೀವ ಹೋಗಬಹುದು. ಆರ್ಸೆನಿಕ್ ಬೆರೆತ ಲೋಹ ಅಥವಾ ಕಿಟ್ಟಕ್ಕೆ ಆಮ್ಲ ತಗುಲಿದಾಗ ಆರ್ಸೀನ್ ಎಂಬ ಅನಿಲ ಏಳುತ್ತದೆ. ಅದು ಕಣ್ಣು ಮೂಗುಗಳನ್ನು ಉರಿಸುವುದಿಲ್ಲವಾದ್ದರಿಂದ ಉಸಿರಾಡಿದವರಿಗೆ ಆ ಕ್ಷಣದಲ್ಲಿ ಏನೂ ಅನ್ನಿಸದು. ಗಂಟೆಗಳೊಳಗೆ ಕೆಂಪು ರಕ್ತಕಣಗಳು ಒಡೆಯತೊಡಗಿ ತಲೆನೋವು, ಹೊಟ್ಟೆನೋವು, ಕಡುಗೆಂಪು ಮೂತ್ರ, ಆಮೇಲೆ ಹಳದಿ ಬಣ್ಣ ಬರುತ್ತವೆ. ಒಡೆದ ಕಣಗಳ ಹಿಮೋಗ್ಲೋಬಿನ್ ಮೂತ್ರಪಿಂಡವನ್ನು ಮುಚ್ಚಿಹಾಕುತ್ತದೆ. ತಡಮಾಡದೆ ಡಯಾಲಿಸಿಸ್ ಮತ್ತು ರಕ್ತ ಬದಲಾವಣೆಯ ಸೌಕರ್ಯವಿರುವ ಆಸ್ಪತ್ರೆಗೆ ಸೇರಿಸಿ, ಆಮ್ಲ ಮತ್ತು ಲೋಹ ಸೇರಿದ್ದನ್ನು ಮೊದಲ ಮಾತಿನಲ್ಲೇ ತಿಳಿಸಿ. ಜೊತೆಯಲ್ಲಿ ಕೆಲಸ ಮಾಡಿದವರನ್ನೂ ಕರೆದೊಯ್ಯಿರಿ.

## ತಡೆಯುವುದು

ಬೆಸುಗೆ ಮಾಡಿದ ಮೇಲೆ ಹಾಲು ಕುಡಿದರೆ ವಿಷ ಹೋಗುತ್ತದಂತೆ, ಹೌದೇ?

ಇಲ್ಲ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ. ಸತು ಲೇಪಿತ ಉಕ್ಕನ್ನು ಬೆಸೆದ ಸಂಜೆ ಬರುವ ಚಳಿಜ್ವರ ಒಂದೆರಡು ದಿನದಲ್ಲಿ ತಾನಾಗಿ ಇಳಿಯುವುದರಿಂದ ಹಾಲಿಗೆ ಆ ಕೀರ್ತಿ ಸಂದಿರಬೇಕು. ಹೊಟ್ಟೆ ತುಂಬಿರುವುದು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಕೊರತೆ ಇಲ್ಲದಿರುವುದು ನುಂಗಿದ ಸೀಸ ಹಾಗೂ ಕ್ಯಾಡ್ಮಿಯಂ ಹೀರುವಿಕೆಯನ್ನು ಸ್ವಲ್ಪ ತಗ್ಗಿಸುವುದು ನಿಜ; ಅದಕ್ಕಾಗಿ ಚೆನ್ನಾಗಿ ಊಟ ಮಾಡಿ. ಲಿವರ್ ಶುದ್ಧಿ ಮಾಡುತ್ತವೆಂದು ಮಾರುವ ಪುಡಿ, ಕಷಾಯಗಳಿಂದ ದೂರವಿರಿ: ಸಾಂಪ್ರದಾಯಿಕ ಔಷಧಿಗಳೆಂದು ಮಾರಾಟವಾಗುವ ಕೆಲವು ತಯಾರಿಕೆಗಳಲ್ಲಿಯೇ ಸೀಸ, ಪಾದರಸ, ಆರ್ಸೆನಿಕ್ ಪತ್ತೆಯಾಗಿವೆ.

ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡುತ್ತೇನೆ. ಸಾಲದೇ?

ಸಾಲದು. ಲೋಹದ ಹೊಗೆಯ ಕಣಗಳು ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ಹಾಯುತ್ತವೆ. ಮುಖಕ್ಕೆ ಬಿಗಿಯಾಗಿ ಕೂರುವ, ಸೂಕ್ಷ್ಮಕಣದ ಫಿಲ್ಟರ್ ಇರುವ ಉಸಿರುಕವಚ ಬೇಕು; ಗಡ್ಡವಿದ್ದರೆ ಅದೂ ಸಂದಿ ಬಿಡುತ್ತದೆ. ಪಾದರಸದ ಆವಿಗೆ ದೂಳಿನ ಫಿಲ್ಟರ್ ಏನೂ ಮಾಡದು, ಅದಕ್ಕೆ ಪ್ರತ್ಯೇಕ ಕಾರ್ಟ್ರಿಜ್ ಇದೆ. ಆದರೂ ಕವಚ ಕೊನೆಯ ಉಪಾಯ. ವಿಷಲೋಹವಿಲ್ಲದ ವಸ್ತುವನ್ನು ಬಳಸುವುದು, ಹೊಗೆ ಏಳುವ ಜಾಗದಲ್ಲೇ ಹೀರುವ ಕೊಳವೆ ಇಡುವುದು, ಒಣಗಿದ ನೆಲವನ್ನು ಗುಡಿಸದೆ ಒದ್ದೆ ಮಾಡಿ ಒರೆಸುವುದು, ಬಟ್ಟೆಯ ದೂಳನ್ನು ಗಾಳಿಯ ಪೈಪಿನಿಂದ ಊದದಿರುವುದು ಇವೆಲ್ಲ ಅದಕ್ಕಿಂತ ಮೊದಲು ಬರಬೇಕು, ಮತ್ತು ಇವನ್ನು ಒದಗಿಸುವುದು ಮಾಲೀಕರ ಕರ್ತವ್ಯ. ಕೆಲಸದ ಜಾಗದಲ್ಲಿ ಬೀಡಿ, ಸಿಗರೇಟು ಬೇಡ: ಕೈಯ ಹುಡಿ ಅದರ ಮೂಲಕ ಬಾಯಿ ಸೇರುತ್ತದೆ, ತಂಬಾಕಿನಲ್ಲಿಯೇ ಕ್ಯಾಡ್ಮಿಯಂ ಇದೆ.

ಕೆಲಸ ಮಾಡುವುದು ನಾನು. ಮನೆಯಲ್ಲಿ ಮಗುವಿಗೂ ಅಪಾಯವಿದೆಯೇ?

ಇದೆ. ಬಟ್ಟೆ, ಕೂದಲು, ಚಪ್ಪಲಿ ಮತ್ತು ಫೋನಿನ ಮೇಲೆ ಕೂತ ದೂಳು ಮನೆಗೆ ಬರುತ್ತದೆ. ತೆವಳುವ ಮಗು ಅದನ್ನು ನೆಲದಿಂದ ಬಾಯಿಗೆ ಒಯ್ಯುತ್ತದೆ. ಕೆಲಸದಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ, ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಸಿ. ನಿಮ್ಮ ರಕ್ತದ ಸೀಸ ಹೆಚ್ಚಿದ್ದರೆ ಮಗುವಿಗೂ ಪರೀಕ್ಷೆ ಮಾಡಿಸಿ.

## ಸ್ವಲ್ಪ ಆಳದ ಪ್ರಶ್ನೆಗಳು

ನನಗೆ ಮೊದಲೇ ಲಿವರ್ ಕಾಯಿಲೆ ಇದೆ. ಬೆಸುಗೆ ಕೆಲಸ ಮುಂದುವರಿಸಬಹುದೇ?

ಇಲ್ಲಿ ಸಂಬಂಧ ತಿರುಗಿ ನಿಲ್ಲುತ್ತದೆ: ಲೋಹ ಯಕೃತ್ತಿಗೆ ಮಾಡುವ ಹಾನಿಗಿಂತ, ಸೋತ ಯಕೃತ್ತಿನಿಂದಾಗಿ ಲೋಹ ಮೆದುಳಿಗೆ ಮಾಡುವ ಹಾನಿ ದೊಡ್ಡದಾಗಬಹುದು. ಉಕ್ಕಿನ ಬೆಸುಗೆಯ ಹೊಗೆಯಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ಹೊರಹೋಗುವ ಮುಖ್ಯ ದಾರಿ ಪಿತ್ತರಸ. ಸಿರೋಸಿಸ್ ಇರುವವರಲ್ಲಿ ಆ ದಾರಿ ಕಟ್ಟಿಕೊಳ್ಳುವುದರಿಂದ, ಬೆಸುಗೆಯ ಹತ್ತಿರ ಹೋಗದವರಲ್ಲಿಯೂ ಆಹಾರದ ಮ್ಯಾಂಗನೀಸ್ ಮೆದುಳಿನ ಗ್ಲೋಬಸ್ ಪ್ಯಾಲಿಡಸ್ ಭಾಗದಲ್ಲಿ ಸೇರಿ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ನಡಿಗೆ, ಮಾತು, ಕೈಬರಹಗಳಲ್ಲಿ ಪಾರ್ಕಿನ್ಸನ್ ರೋಗದಂಥ ಬದಲಾವಣೆ ಬರಬಹುದು. ಸಿರೋಸಿಸ್ ಇರುವವರು ಹೊಗೆಯ ಕೆಲಸ ಬಿಡುವುದು ಒಳ್ಳೆಯದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬರೀ ಕೊಬ್ಬುಗಟ್ಟಿದ ಯಕೃತ್ತು ಇರುವವರಿಗೆ ಅಷ್ಟು ಕಠಿಣ ಸಲಹೆ ಬೇಕಿಲ್ಲ; ಗಾಳಿಯ ಅಳತೆ, ವೈದ್ಯರ ನಿಗಾ ಮತ್ತು ಮದ್ಯ ಬಿಡುವುದು ಅಗತ್ಯ.

ಕೀಲೇಶನ್ ಮಾಡಿಸಿಕೊಂಡರೆ ಎಲ್ಲ ಲೋಹ ಹೊರಗೆ ಬರುತ್ತದೆಯೇ?

ಕೀಲೇಶನ್ ಔಷಧಿಗಳು ಲೋಹವನ್ನು ಹಿಡಿದು ಮೂತ್ರದ ಮೂಲಕ ಒಯ್ಯುತ್ತವೆ. ತೀವ್ರ ಸೀಸದ ವಿಷಕ್ಕೆ ಸಕ್ಸಿಮರ್ ಮತ್ತು ಕ್ಯಾಲ್ಸಿಯಂ ಇಡಿಟಿಎ, ಆರ್ಸೆನಿಕ್‌ಗೆ ಡೈಮರ್‌ಕ್ಯಾಪ್ರಾಲ್ ಅಥವಾ ಸಕ್ಸಿಮರ್ ಬಳಕೆಯಲ್ಲಿವೆ. ವರ್ಷಗಳಿಂದ ಕೂತ ಕ್ಯಾಡ್ಮಿಯಂಗೆ ಫಲ ಕಂಡ ಕೀಲೇಶನ್ ಇಲ್ಲ. ಮೆಟಲೊಥಯೊನೀನ್‌ನ ಹಿಡಿತದಿಂದ ಅದನ್ನು ಬಿಡಿಸುವುದು ಕಷ್ಟ, ಬಿಡಿಸಿದ್ದು ಮೂತ್ರಪಿಂಡಕ್ಕೇ ಹೋಗಿ ಬೀಳಬಹುದು. ಸಕ್ಸಿಮರ್ ಸ್ವತಃ ಯಕೃತ್ತಿನ ಕಿಣ್ವಗಳನ್ನು ತಾತ್ಕಾಲಿಕವಾಗಿ ಏರಿಸುವುದುಂಟು. ಕ್ಯಾಲ್ಸಿಯಂ ಇಡಿಟಿಎ ಬದಲು ಡೈಸೋಡಿಯಂ ಇಡಿಟಿಎ ಕೊಟ್ಟದ್ದರಿಂದ ರಕ್ತದ ಕ್ಯಾಲ್ಸಿಯಂ ಕುಸಿದು ಸತ್ತವರಿದ್ದಾರೆ.

ಕೆಲಸ ಮುಂದುವರಿಸುತ್ತಲೇ, ಸಂಖ್ಯೆ ಇಳಿಸಲೆಂದು ಕೀಲೇಶನ್ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. 1978ರ ಸೀಸದ ನಿಯಮ ಅದನ್ನು ಹೆಸರಿಟ್ಟು ನಿಷೇಧಿಸಿದೆ. ಹಾಗೆಯೇ, ಕೀಲೇಶನ್ ಔಷಧಿ ಕೊಟ್ಟು ಆಮೇಲೆ ಮೂತ್ರ ತೆಗೆದು, ಔಷಧಿ ಇಲ್ಲದವರ ಮಿತಿಗೆ ಹೋಲಿಸಿ ವಿಷವಿದೆ ಎನ್ನುವ ಪರೀಕ್ಷೆಗೆ ಆಧಾರವಿಲ್ಲ. ಆ ಔಷಧಿ ಆರೋಗ್ಯವಂತರ ಮೂತ್ರದಲ್ಲಿಯೂ ಲೋಹವನ್ನು ಏರಿಸುತ್ತದೆ.

ಕೆಲಸ ಬಿಟ್ಟು ವರ್ಷವಾಯಿತು. ಮೈಯಲ್ಲಿರುವುದು ತಾನಾಗಿ ಹೋಗುತ್ತದೆಯೇ?

ಲೋಹದ ಮೇಲೆ ಅವಲಂಬಿಸಿದೆ. ಆರ್ಸೆನಿಕ್ ಬಹುಪಾಲು ದಿನಗಳಲ್ಲಿ, ಪಾದರಸ ತಿಂಗಳುಗಳಲ್ಲಿ ಇಳಿಯುತ್ತದೆ. ರಕ್ತದ ಸೀಸ ಸುಮಾರು ತಿಂಗಳಿಗೆ ಅರ್ಧವಾಗುತ್ತದೆ, ಆದರೆ ವಯಸ್ಕರ ದೇಹದ ಸೀಸದ 90 ಶೇಕಡಕ್ಕೂ ಹೆಚ್ಚು ಭಾಗ ಮೂಳೆಯಲ್ಲಿದ್ದು ದಶಕಗಳ ಕಾಲ ಸೋರುತ್ತಿರುತ್ತದೆ. ಗರ್ಭಧಾರಣೆಯಲ್ಲಿ, ಮುಟ್ಟು ನಿಂತ ಮೇಲೆ, ಮೂಳೆ ಸವೆದಾಗ ಆ ಸೋರಿಕೆ ಹೆಚ್ಚುತ್ತದೆ. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು ಹತ್ತು ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಆದ್ದರಿಂದ ನಿವೃತ್ತರಾದವರೂ ವರ್ಷಕ್ಕೊಮ್ಮೆ ರಕ್ತದೊತ್ತಡ, ಮೂತ್ರಪಿಂಡ ಮತ್ತು ಯಕೃತ್ತಿನ ತಪಾಸಣೆ ಮಾಡಿಸಿಕೊಳ್ಳಬೇಕು.

ಡಾಕ್ಟರ್ ಹತ್ತಿರ ಹೋದಾಗ ಏನು ಹೇಳಬೇಕು?

ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜಿನಿ 1700ರಲ್ಲೇ, ರೋಗಿಯನ್ನು ಕೇಳುವ ಪ್ರಶ್ನೆಗಳಿಗೆ ನಿಮ್ಮ ಕಸುಬೇನು ಎಂಬ ಒಂದು ಪ್ರಶ್ನೆಯನ್ನು ಸೇರಿಸಿ ಎಂದು ತನ್ನ ಜೊತೆಯ ವೈದ್ಯರಿಗೆ ಬರೆದಿದ್ದರು. ಇಂದಿಗೂ ಅನೇಕ ಕಡೆ ಆ ಪ್ರಶ್ನೆ ಬರುವುದಿಲ್ಲ, ಆದ್ದರಿಂದ ಉತ್ತರವನ್ನು ನೀವೇ ಬರೆದು ಒಯ್ಯಿರಿ. ಕಾರ್ಮಿಕ ಎಂದಷ್ಟೇ ಹೇಳಿದರೆ ಏನೂ ತಿಳಿಯದು. ಯಾವ ವಸ್ತುವನ್ನು ಕಾಯಿಸುತ್ತೀರಿ, ಉಜ್ಜುತ್ತೀರಿ ಅಥವಾ ಅದ್ದುತ್ತೀರಿ, ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷದಿಂದ, ಹೊಗೆ ಹೀರುವ ವ್ಯವಸ್ಥೆ ಇದೆಯೇ, ಊಟ ಎಲ್ಲಿ ಮಾಡುತ್ತೀರಿ, ಜೊತೆಯವರಿಗೆ ಇಂಥದೇ ತೊಂದರೆ ಇದೆಯೇ, ಹಿಂದೆ ಯಾವ ಕೆಲಸ ಮಾಡಿದ್ದೀರಿ, ಮದ್ಯ ಎಷ್ಟು, ಯಾವ ಔಷಧಿ ಮತ್ತು ಪುಡಿಗಳನ್ನು ತೆಗೆದುಕೊಳ್ಳುತ್ತೀರಿ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಸುರಕ್ಷತಾ ಮಾಹಿತಿ ಪತ್ರ ಸಿಗದಿದ್ದರೆ ಡಬ್ಬಿಯ ಲೇಬಲ್ಲಿನ ಫೋಟೋ ತೆಗೆದುಕೊಂಡು ಹೋಗಿ. ಹಳೆಯ ವರದಿಗಳನ್ನು ಎಸೆಯಬೇಡಿ. ಹತ್ತು ವರ್ಷದ ಹಿಂದಿನ ಸೀಸದ ಸಂಖ್ಯೆ ಇಂದಿನ ರಕ್ತದೊತ್ತಡಕ್ಕೆ ಕಾರಣ ಹೇಳಬಹುದು, ಪರಿಹಾರ ಕೇಳುವ ದಿನ ಬಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿಯೂ ಅದೇ.